ಎಂಜಿನ್ನಿಗೆ ಹೊಸ ಕ್ಯಾಮ್‌ಶಾಫ್ಟ್: ಕೊಳ್ಳುವಾಗ ಮತ್ತು ಜೋಡಿಸುವಾಗ ಗಮನಿಸಬೇಕಾದ ಅಂಶಗಳು

ನೀರೆತ್ತುವ ಡೀಸೆಲ್ ಪಂಪ್‌ಸೆಟ್, ಪವರ್ ಟಿಲ್ಲರ್ ಹಾಗೂ ಟ್ರ್ಯಾಕ್ಟರುಗಳ ಎಂಜಿನ್ ಹಲವು ವರ್ಷ ದುಡಿದ ನಂತರ ಕೆಲವು ಬಿಡಿಭಾಗಗಳನ್ನು ಬದಲಾಯಿಸುವುದು ಅನಿವಾರ್ಯ. ಪಿಸ್ಟನ್, ರಿಂಗು, ಬೇರಿಂಗುಗಳನ್ನು ಕೊಳ್ಳುವಾಗ ರೈತರು ನಾಲ್ಕು ಕಡೆ ವಿಚಾರಿಸುತ್ತಾರೆ. ಆದರೆ ಕ್ಯಾಮ್‌ಶಾಫ್ಟಿನ ವಿಷಯದಲ್ಲಿ, ನೋಡಲು ಹಳೆಯದರಂತೆಯೇ ಇದೆ ಎಂದು ನಂಬಿ ಕೊಂಡು ತರುವುದುಂಟು. ಹೊಂದದ ಅಥವಾ ಮೆದುವಾದ ಕ್ಯಾಮ್‌ಶಾಫ್ಟ್ ಹಾಕಿದರೆ ಬೆಳೆಗೆ ನೀರು ಬೇಕಾದ ಹೊತ್ತಿನಲ್ಲೇ ಎಂಜಿನ್ನನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಇದರಿಂದ ಆಗುವ ನಷ್ಟದ ಮುಂದೆ ಬಿಡಿಭಾಗದ ಬೆಲೆಯಲ್ಲಿ ಆದ ಉಳಿತಾಯ ಏನೇನೂ ಅಲ್ಲ. ಆದ್ದರಿಂದ ಜೋಡಿಸುವುದಕ್ಕೆ ಮುಂಚೆಯೇ ಅಳೆದು ನೋಡುವುದು ಅತ್ಯವಶ್ಯಕ.

ಕ್ಯಾಮ್‌ಶಾಫ್ಟಿನ ಕೆಲಸ

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಅದರ ಮೇಲಿರುವ ಉಬ್ಬುಗಳೇ ಕ್ಯಾಮ್‌ಗಳು. ಇವು ಟ್ಯಾಪೆಟ್ ಹಾಗೂ ಪುಷ್ ರಾಡ್‌ಗಳನ್ನು ಮೇಲಕ್ಕೆ ತಳ್ಳಿ ವಾಲ್ವುಗಳನ್ನು ಸಕಾಲದಲ್ಲಿ ತೆರೆಯುತ್ತವೆ. ನಿಮಿಷಕ್ಕೆ 1500 ಸುತ್ತು ಓಡುವ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ 750 ಸುತ್ತು ತಿರುಗುತ್ತದೆ. ಅಂದರೆ ಒಂದು ಗಂಟೆಯಲ್ಲಿ ಪ್ರತಿಯೊಂದು ಕ್ಯಾಮ್ 45,000 ಸಲ ಟ್ಯಾಪೆಟ್ಟನ್ನು ತಳ್ಳುತ್ತದೆ. ಇಷ್ಟು ಉಜ್ಜಾಟವನ್ನು ತಡೆಯಬೇಕಾದರೆ ಕ್ಯಾಮಿನ ಮೇಲ್ಮೈ ಬಹಳ ಗಟ್ಟಿಯಾಗಿರಬೇಕು.

ಒಂದೇ ಸಿಲಿಂಡರಿನ ಹಲವು ಪಂಪ್‌ಸೆಟ್ ಎಂಜಿನ್ನುಗಳಲ್ಲಿ ಡೀಸೆಲ್ ಪಂಪನ್ನು ನಡೆಸುವ ಕ್ಯಾಮ್ ಸಹ ಇದೇ ಶಾಫ್ಟಿನ ಮೇಲಿರುತ್ತದೆ. ಆ ಕ್ಯಾಮಿನ ಕೋನ ಸ್ವಲ್ಪ ವ್ಯತ್ಯಾಸವಾದರೂ ಡೀಸೆಲ್ ಸಿಂಪರಣೆಯ ಕಾಲ ತಪ್ಪುತ್ತದೆ. ಎಂಜಿನ್ ಬೇಗ ಚಾಲೂ ಆಗದಿರುವುದು, ಬಡಿತದ ಸದ್ದು, ಕಪ್ಪು ಹೊಗೆ, ಹೆಚ್ಚು ಡೀಸೆಲ್ ಖರ್ಚು ಇವೆಲ್ಲ ಇದರ ಪರಿಣಾಮಗಳು.

ಬದಲಾವಣೆ ನಿಜವಾಗಿಯೂ ಬೇಕೆ?

ಶಕ್ತಿ ಕುಂದುವುದು, ಕಪ್ಪು ಹೊಗೆ ಬರುವುದು ಮುಂತಾದ ಲಕ್ಷಣಗಳು ಗಾಳಿಶೋಧಕ ಕಟ್ಟಿಕೊಂಡಾಗ ಇಲ್ಲವೆ ಇಂಜೆಕ್ಟರ್ ಕೆಟ್ಟಾಗಲೂ ಕಾಣುತ್ತವೆ. ಆದ್ದರಿಂದ ಮೊದಲು ಅವುಗಳನ್ನು ಸರಿಪಡಿಸಬೇಕು. ದೋಷ ಉಳಿದರೆ ಪುಷ್ ರಾಡಿನ ತುದಿಗೆ ಡಯಲ್ ಗೇಜು ಇಟ್ಟು, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ರಾಡು ಎಷ್ಟು ಮೇಲೇರುತ್ತದೆಂದು ನೋಡಬೇಕು. ಈ ಏರಿಕೆ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆಯಿದ್ದಲ್ಲಿ ಕ್ಯಾಮ್ ಅಥವಾ ಟ್ಯಾಪೆಟ್ ಸವೆದಿದೆಯೆಂದು ತಿಳಿಯಬಹುದು.

ಕೊಳ್ಳುವ ಮುನ್ನ

ಎಂಜಿನ್ನಿನ ಫಲಕದ ಮೇಲಿರುವ ಮಾದರಿ, ಎಂಜಿನ್ ಸಂಖ್ಯೆ, ಅಶ್ವಶಕ್ತಿ ಮತ್ತು ನಿಮಿಷಕ್ಕೆ ಸುತ್ತುಗಳ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಒಂದೇ ಹೆಸರಿನ ಎಂಜಿನ್ನಿನಲ್ಲಿ ಕಾಲಕಾಲಕ್ಕೆ ಬದಲಾವಣೆಗಳಾಗಿರಬಹುದು. ಆದುದರಿಂದ ಹೆಸರು ಮತ್ತು ಅಶ್ವಶಕ್ತಿ ಹೇಳಿದರೆ ಸಾಲದು. ಬಿಡಿಭಾಗಗಳ ಪಟ್ಟಿಯಿಂದ ಕ್ಯಾಮ್‌ಶಾಫ್ಟಿನ ಸಂಖ್ಯೆಯನ್ನು ಗುರುತು ಮಾಡಿಕೊಂಡು, ಹಳೆಯ ಶಾಫ್ಟನ್ನೂ ಅಂಗಡಿಗೆ ಒಯ್ಯುವುದು ಒಳ್ಳೆಯದು.

ಎಂಜಿನ್ ತಯಾರಕರಲ್ಲದ ಬೇರೆಯವರು ಮಾಡಿದ ಮಾಲೆಲ್ಲ ಕಳಪೆಯೆಂದು ಭಾವಿಸಬಾರದು. ಒಳ್ಳೆಯ ತಯಾರಕರು ತಮ್ಮ ಹೆಸರು, ಭಾಗದ ಸಂಖ್ಯೆ ಹಾಗೂ ತಂಡದ ಗುರುತನ್ನು ಶಾಫ್ಟಿನ ಮೇಲೆಯೇ ಹಾಕಿರುತ್ತಾರೆ. ಡಬ್ಬಿಯ ಮೇಲೆ ಮಾತ್ರ ದೊಡ್ಡ ಹೆಸರಿದ್ದು ಶಾಫ್ಟಿನ ಮೇಲೆ ಯಾವ ಗುರುತೂ ಇಲ್ಲದಿದ್ದರೆ ಹೆಚ್ಚು ಎಚ್ಚರಿಕೆ ಅವಶ್ಯ.

ಹೊಂದಾಣಿಕೆಯ ಪರೀಕ್ಷೆ

ಹಳೆಯ ಮತ್ತು ಹೊಸ ಶಾಫ್ಟುಗಳನ್ನು ಸಮತಟ್ಟಾದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಕೆಳಕಂಡ ಅಂಶಗಳನ್ನು ಪರೀಕ್ಷಿಸಬೇಕು.

1. ಒಟ್ಟು ಉದ್ದ, ಕ್ಯಾಮ್‌ಗಳ ಸಂಖ್ಯೆ, ಅಗಲ ಮತ್ತು ಅವುಗಳ ನಡುವಣ ಅಂತರ ಒಂದೇ ಆಗಿರಬೇಕು.

2. ಗೇರು ಕೂರಿಸುವ ಕೀ ಗಾಡಿಯ ಅಗಲ ಮತ್ತು ಸ್ಥಾನ ಸರಿಯಾಗಿರಬೇಕು. ಕೀ ಗಾಡಿಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸಿದಾಗ ಎರಡೂ ಶಾಫ್ಟುಗಳ ಕ್ಯಾಮ್ ತುದಿಗಳು ಒಂದೇ ಕಡೆ ನೋಡುತ್ತಿರಬೇಕು. ಗೇರಿನ ಸಮೇತ ಬಂದಿದ್ದರೆ ಹಲ್ಲುಗಳನ್ನು ಎಣಿಸಿ, ಟೈಮಿಂಗ್ ಗುರುತು ಇದೆಯೇ ಎಂದು ನೋಡಬೇಕು.

3. ಬುಷ್‌ಗಳಲ್ಲಿ ಕೂರುವ ದುಂಡು ಭಾಗಗಳನ್ನು ಮೈಕ್ರೋಮೀಟರಿನಿಂದ ಎರಡು ದಿಕ್ಕಿನಲ್ಲಿ ಅಳೆಯಬೇಕು. ಬುಷ್‌ನ ಒಳ ಅಳತೆಯೊಡನೆ ಹೋಲಿಸಿದಾಗ ನಡುವಿನ ಸಡಿಲು ಕೈಪಿಡಿಯ ಮಿತಿಯೊಳಗೆ ಇರಬೇಕು. ಎಣ್ಣೆಯ ರಂಧ್ರಗಳು ಇದ್ದಲ್ಲಿ ಅವು ಅದೇ ಜಾಗದಲ್ಲಿರಬೇಕು.

4. ಕ್ಯಾಮಿನ ಎತ್ತರವನ್ನು ಅಳೆಯುವಾಗ ಒಂದು ತಪ್ಪು ಸಾಮಾನ್ಯವಾಗಿ ಆಗುತ್ತದೆ. ಹಳೆಯ ಕ್ಯಾಮಿನ ತುದಿ ಸವೆದಿರುವುದರಿಂದಲೇ ಅದನ್ನು ಬದಲಾಯಿಸುತ್ತಿರುವುದು. ಆದ್ದರಿಂದ ಆ ಎತ್ತರವನ್ನು ಮಾದರಿಯಾಗಿ ಹಿಡಿಯಬಾರದು. ಕೈಪಿಡಿಯ ಅಳತೆಯನ್ನೇ ನೋಡಬೇಕು. ಬುಡದಿಂದ ತುದಿಯವರೆಗಿನ ಎತ್ತರದಲ್ಲಿ ಬುಡದ ವೃತ್ತದ ವ್ಯಾಸವನ್ನು ಕಳೆದರೆ ಕ್ಯಾಮಿನ ಏರಿಕೆ ದೊರೆಯುತ್ತದೆ. ಉದಾಹರಣೆಗೆ, ಎತ್ತರ 35 ಮಿ.ಮೀ., ಬುಡದ ವ್ಯಾಸ 28 ಮಿ.ಮೀ. ಇದ್ದರೆ ಏರಿಕೆ 7 ಮಿ.ಮೀ. ಆಗುತ್ತದೆ. ಒಳಗಾಳಿಯ ಕ್ಯಾಮ್, ಹೊರಗಾಳಿಯ ಕ್ಯಾಮ್ ಮತ್ತು ಡೀಸೆಲ್ ಪಂಪಿನ ಕ್ಯಾಮ್‌ಗಳನ್ನು ಬೇರೆ ಬೇರೆಯಾಗಿ ಅಳೆದು ಬರೆದಿಡಬೇಕು.

5. ಶಾಫ್ಟನ್ನು ಎರಡು ವಿ-ಬ್ಲಾಕುಗಳ ಮೇಲಿಟ್ಟು ತಿರುಗಿಸುತ್ತ, ನಡುವಿನ ದುಂಡು ಭಾಗಕ್ಕೆ ಡಯಲ್ ಗೇಜು ಹಿಡಿದರೆ ಬಾಗು ತಿಳಿಯುತ್ತದೆ. ಬಾಗಿರುವ ಶಾಫ್ಟನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಲು ಹೋಗಬಾರದು, ಹಿಂದಿರುಗಿಸಬೇಕು.

ಈ ಉಪಕರಣಗಳು ಲೇತ್ ಇರುವ ವರ್ಕ್‌ಶಾಪುಗಳಲ್ಲಿ ಇರುತ್ತವೆ. ಅಲ್ಪ ಕೂಲಿ ಕೊಟ್ಟು ಅಳತೆ ಮಾಡಿಸಿಕೊಳ್ಳಬಹುದು.

ಗುಣಮಟ್ಟದ ಪರೀಕ್ಷೆ

ಕ್ಯಾಮ್‌ಶಾಫ್ಟುಗಳನ್ನು ಮೇಲ್ಮೈ ಗಟ್ಟಿಯಾಗುವಂತೆ ಎರಕ ಹೊಯ್ದ ಕಬ್ಬಿಣದಿಂದ ಅಥವಾ ಮೇಲ್ಪದರಕ್ಕೆ ಹದ ಕೊಟ್ಟ ಉಕ್ಕಿನಿಂದ ತಯಾರಿಸುತ್ತಾರೆ. ಕ್ಯಾಮಿನ ಮೇಲೆ ಬಿರುಕು, ಎರಕದ ಗುಳ್ಳೆ, ಚುಕ್ಕಿಗುಳಿ, ಒರಟು ಗೆರೆ ಇರಬಾರದು. ಸಾಣೆ ಹಿಡಿಯುವಾಗ ಅತಿಯಾಗಿ ಕಾದ ಭಾಗದಲ್ಲಿ ನೀಲಿ ಅಥವಾ ಕಂದು ಕಲೆ ಉಳಿಯುತ್ತದೆ. ಅಲ್ಲಿ ಹದ ಕೆಟ್ಟಿರುವ ಸಂಭವವಿದೆ. ಆದರೆ ಇಡೀ ಶಾಫ್ಟಿನ ಮೇಲೆ ಒಂದೇ ಸಮನಾಗಿರುವ ಕಪ್ಪು ಲೇಪನ ದೋಷವಲ್ಲ. ಮೊದಲ ಓಟದಲ್ಲಿ ಎಣ್ಣೆ ಹಿಡಿದಿಟ್ಟುಕೊಳ್ಳಲೆಂದು ಕೆಲವರು ಇದನ್ನು ಕೊಡುತ್ತಾರೆ.

ಗಡಸುತನ ತಿಳಿಯಲು ನಯವಾದ ಸಣ್ಣ ಅರವನ್ನು ಕ್ಯಾಮಿನ ಅಂಚಿಗೆ ಹಗುರವಾಗಿ ಎಳೆದು ನೋಡಬಹುದು. ಅರ ಜಾರಿದರೆ ಗಟ್ಟಿ, ಕಚ್ಚಿದರೆ ಮೆದು. ಟ್ಯಾಪೆಟ್ ಉಜ್ಜುವ ಮುಖಕ್ಕೆ ಮಾತ್ರ ಅರ ತಾಗಿಸಬಾರದು. ಅರದ ಪರೀಕ್ಷೆ ಮಾಡುವುದಾದರೆ ವ್ಯಾಪಾರಿಯ ಎದುರಿನಲ್ಲೇ, ಅವರ ಒಪ್ಪಿಗೆ ಪಡೆದು ಮಾಡಬೇಕು. ಹದ ಎಷ್ಟು ಆಳಕ್ಕಿದೆ ಎಂಬುದು ಇದರಿಂದ ತಿಳಿಯದು. ಸಂಶಯವಿದ್ದಲ್ಲಿ ಗಡಸುತನ ಅಳೆಯುವ ಯಂತ್ರವಿರುವ ಕಡೆ ತೋರಿಸಬೇಕು.

ಚಪ್ಪಟೆ ತಳದ ಟ್ಯಾಪೆಟ್ ಇರುವ ಹಲವು ಎಂಜಿನ್ನುಗಳಲ್ಲಿ ಕ್ಯಾಮಿನ ಮುಖಕ್ಕೆ ಕಣ್ಣಿಗೆ ಕಾಣದಷ್ಟು ಓರೆ ಇರುತ್ತದೆ. ಟ್ಯಾಪೆಟ್ ತನ್ನಷ್ಟಕ್ಕೆ ತಿರುಗುತ್ತ ಸಮನಾಗಿ ಸವೆಯಲೆಂದು ಹೀಗೆ ಮಾಡಿರುತ್ತಾರೆ. ಮೈಕ್ರೋಮೀಟರಿನಲ್ಲಿ ಈ ಓರೆ ಕಂಡರೆ ಗಾಬರಿಯಾಗದೆ ಕೈಪಿಡಿಯನ್ನು ನೋಡಬೇಕು. ಉರುಳೆಯ ಟ್ಯಾಪೆಟ್ ಇರುವ ಎಂಜಿನ್ನಿಗೆ ಚಪ್ಪಟೆ ಟ್ಯಾಪೆಟ್ಟಿನ ಕ್ಯಾಮ್‌ಶಾಫ್ಟ್ ಹಾಕತಕ್ಕದ್ದಲ್ಲ.

ಜೋಡಿಸುವಾಗ

ಹಳೆಯ ಶಾಫ್ಟ್ ಏಕೆ ಸವೆಯಿತು ಎಂಬುದನ್ನು ಮೊದಲು ಕಂಡುಹಿಡಿಯಬೇಕು. ಕೀಲೆಣ್ಣೆ ಕಡಿಮೆಯಾಗಿದ್ದರೆ, ಕೊಳೆಯಾಗಿದ್ದರೆ ಅಥವಾ ಎಣ್ಣೆಯ ದಾರಿ ಕಟ್ಟಿದ್ದರೆ ಎಷ್ಟೇ ಒಳ್ಳೆಯ ಹೊಸ ಶಾಫ್ಟೂ ಬೇಗ ಹಾಳಾಗುತ್ತದೆ. ಹೊಸ ಕ್ಯಾಮ್‌ಶಾಫ್ಟಿಗೆ ಹೊಸ ಟ್ಯಾಪೆಟ್ಟುಗಳನ್ನೇ ಹಾಕಬೇಕು. ಹಳೆಯ ಟ್ಯಾಪೆಟ್ಟಿನ ಗುಳಿಬಿದ್ದ ತಳ ಹೊಸ ಕ್ಯಾಮನ್ನು ತಿಂದುಹಾಕುತ್ತದೆ.

ಶಾಫ್ಟನ್ನು ಸ್ವಚ್ಛಗೊಳಿಸಿ, ಕ್ಯಾಮ್ ಮತ್ತು ದುಂಡು ಭಾಗಗಳಿಗೆ ಧಾರಾಳವಾಗಿ ಕೀಲೆಣ್ಣೆ ಸವರಿ ಕೂರಿಸಬೇಕು. ಟೈಮಿಂಗ್ ಗುರುತುಗಳನ್ನು ಹೊಂದಿಸಿ, ವಾಲ್ವಿನ ಸಂದನ್ನು ಫೀಲರ್ ಗೇಜಿನಿಂದ ಸರಿಪಡಿಸಬೇಕು. ಅನಂತರ ಕ್ರ್ಯಾಂಕ್‌ಶಾಫ್ಟನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ ನೋಡಬೇಕು. ಎಲ್ಲಿಯಾದರೂ ಬಿಗಿಯಾಗಿ ತಡೆದರೆ ಬಲವಂತ ಮಾಡದೆ ನಿಲ್ಲಿಸಬೇಕು. ವಾಲ್ವು ಪಿಸ್ಟನ್ನಿಗೆ ತಾಗುತ್ತಿರಬಹುದು. ಕೆಲವು ಗಂಟೆ ಓಡಿಸಿದ ಮೇಲೆ ಸಂದನ್ನು ಮತ್ತೆ ನೋಡಬೇಕು. ಕೀಲೆಣ್ಣೆಯನ್ನು ಬೇಗನೆ ಒಮ್ಮೆ ಬದಲಾಯಿಸುವುದು ಲೇಸು.

ಬಿಲ್ಲು ಮತ್ತು ಖಾತರಿ

ಮಾದರಿ ಹಾಗೂ ಭಾಗದ ಸಂಖ್ಯೆ ನಮೂದಾದ ಬಿಲ್ಲನ್ನು ತಪ್ಪದೆ ಪಡೆಯಬೇಕು. ಹೊಂದದಿದ್ದರೆ ಎಷ್ಟು ದಿನದೊಳಗೆ ವಾಪಸು ಪಡೆಯುವರೆಂದು ಕೇಳಿ ಬರೆಸಿಕೊಳ್ಳಬೇಕು. ಒಮ್ಮೆ ಎಂಜಿನ್ನಿಗೆ ಹಾಕಿದ ಭಾಗವನ್ನು ವಾಪಸು ಮಾಡುವುದು ಕಷ್ಟವಾದ್ದರಿಂದ ಪರೀಕ್ಷೆಗಳೆಲ್ಲ ಅದಕ್ಕೆ ಮುಂಚೆಯೇ ಮುಗಿದಿರಬೇಕು. ದೋಷಪೂರಿತ ಮಾಲಿನ ಬಗ್ಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಅವಕಾಶವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಬಿಲ್ಲು, ಡಬ್ಬಿ ಮತ್ತು ಬರೆದಿಟ್ಟ ಅಳತೆಗಳು ಆಗ ಆಧಾರವಾಗುತ್ತವೆ.

ಎಂಜಿನ್ನಿನ ದುರಸ್ತಿಯನ್ನು ನೀರಿಗೆ ಅವಸರವಿಲ್ಲದ ದಿನಗಳಲ್ಲಿ ಇಟ್ಟುಕೊಂಡರೆ ಈ ಪರೀಕ್ಷೆಗಳಿಗೆಲ್ಲ ಬಿಡುವು ದೊರೆಯುತ್ತದೆ. ವಿಸ್ತರಣಾ ಕಾರ್ಯಕರ್ತರು ಗ್ರಾಮದ ಮೆಕ್ಯಾನಿಕ್ಕುಗಳನ್ನು ಸೇರಿಸಿ ಸವೆದ ಶಾಫ್ಟೊಂದನ್ನು ಎದುರಿಗಿಟ್ಟು ಅಳತೆಯ ಕ್ರಮವನ್ನು ತೋರಿಸಿಕೊಟ್ಟರೆ ಹಲವು ರೈತರಿಗೆ ಅನುಕೂಲವಾಗುವುದು.