ಎಕ್ಸ್‌ಕವೇಟರ್ ಎಂಜಿನ್ನಿನ ಸೆನ್ಸರ್ ಕೋಡ್ ಓದುವ ಬಗೆ

ಎಲೆಕ್ಟ್ರಾನಿಕ್ ಡೀಸೆಲ್ ಎಂಜಿನ್ ತನ್ನ ತೊಂದರೆಯನ್ನು ಎರಡು ಸಂಖ್ಯೆಗಳ ಜೋಡಿಯಲ್ಲಿ ಹೇಳುತ್ತದೆ. ಎಕ್ಸ್‌ಕವೇಟರ್, ಡಂಪರ್, ವೀಲ್ ಲೋಡರ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಎಸ್‌ಎಇ ಜೆ1939 ಪದ್ಧತಿ. ಅದರಲ್ಲಿ ಮೊದಲನೆಯದು ಎಸ್‌ಪಿಎನ್. ತೊಂದರೆ ಯಾವ ಅಳತೆಯದು ಎಂದು ತಿಳಿಸುತ್ತದೆ. 100 ಎಂದರೆ ಎಂಜಿನ್ ಆಯಿಲ್ ಪ್ರೆಶರ್, 102 ಬೂಸ್ಟ್ ಪ್ರೆಶರ್, 110 ಕೂಲಂಟ್ ಬಿಸಿ, 97 ಡೀಸೆಲ್‌ನಲ್ಲಿ ನೀರು. ಎರಡನೆಯದು ಎಫ್‌ಎಂಐ, ಆ ಅಳತೆಗೆ ಏನಾಗಿದೆ ಎಂದು ತಿಳಿಸುತ್ತದೆ. ಸೈಟಿನಲ್ಲಿ ಎಲ್ಲರ ಬಾಯಲ್ಲಿರುವುದು ಮೊದಲ ಸಂಖ್ಯೆ ಮಾತ್ರ. ‘ನೂರು ಬಂದಿದೆ, ಆಯಿಲ್ ಸೆನ್ಸರ್ ಹೋಗಿದೆ’ ಎಂದು ಆಪರೇಟರ್ ಫೋನ್ ಮಾಡುತ್ತಾನೆ, ಸ್ಟೋರಿನಿಂದ ಹೊಸ ಸೆನ್ಸರ್ ಹೊರಟುಬಿಡುತ್ತದೆ. ಕೆಲಸ ಯಾವ ಕಡೆಯಿಂದ ಶುರುವಾಗಬೇಕು ಎಂಬುದನ್ನು ತೀರ್ಮಾನಿಸಬೇಕಾದದ್ದು ಎರಡನೆಯ ಸಂಖ್ಯೆ.

ಎಫ್‌ಎಂಐ 0 ಅಥವಾ 1 ಎಂದರೆ ಸೆನ್ಸರ್ ಹೇಳುತ್ತಿರುವುದು ನಂಬುವಂತಿದೆ, ಅಳತೆಯೇ ಮಿತಿ ಮೀರಿದೆ ಅಥವಾ ಕುಸಿದಿದೆ. 100-1 ಬಂದರೆ ಮೊದಲು ಎಂಜಿನ್ ಆಫ್ ಮಾಡಬೇಕು, ಆಮೇಲೆ ಡಿಪ್‌ಸ್ಟಿಕ್ ಎಳೆದು ನೋಡಬೇಕು. ಸೆನ್ಸರ್‌ನ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಕಟ್ಟಿ ಪ್ರೆಶರ್ ಅಳೆಯುವವರೆಗೆ ಆ ಯಂತ್ರವನ್ನು ದುಡಿಸಕೂಡದು. ‘ಸೆನ್ಸರ್ ಸುಳ್ಳು ಹೇಳ್ತಿದೆ, ಸಂಜೆವರೆಗೆ ಓಡಿಸು’ ಎಂಬ ಮಾತಿಗೆ ಕ್ರ್ಯಾಂಕ್ ಬೇರಿಂಗ್‌ಗಳು ಬಲಿಯಾಗುತ್ತವೆ. 3 ಎಂದರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಹೆಚ್ಚು, 4 ಎಂದರೆ ಕಡಿಮೆ, 5 ಎಂದರೆ ಕರೆಂಟ್ ಹರಿಯುತ್ತಿಲ್ಲ, ಬಹುಮಟ್ಟಿಗೆ ವೈರ್ ಕಡಿದಿದೆ. ಈ ಮೂರೂ ವಿದ್ಯುತ್ತಿನ ತೊಂದರೆಗಳು. ಸೆನ್ಸರ್, ಕನೆಕ್ಟರ್, ವೈರ್, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂ ಈ ನಾಲ್ಕರಲ್ಲಿ ಯಾವುದು ಕೆಟ್ಟರೂ ಒಂದೇ ಕೋಡ್ ಬರಬಹುದು. ಎಂಜಿನ್ ಪವರ್ ಇಳಿಸಿಕೊಂಡು ‘ಪಿಕಪ್ ಇಲ್ಲ’ ಎನಿಸಿದರೂ ಒಳಗಿನ ಕಬ್ಬಿಣ ಗಟ್ಟಿಯಾಗಿಯೇ ಇರಬಹುದು.

ಕೋಡ್ ಅಳಿಸುವುದಕ್ಕೆ ಮೊದಲು ಪರದೆಯಲ್ಲಿರುವ ಎಲ್ಲವನ್ನೂ ಬರೆದುಕೊಳ್ಳಬೇಕು: ಈಗ ಇರುವ ಕೋಡ್ ಯಾವುದು, ಹಿಂದೆ ಬಂದು ಹೋದದ್ದು ಯಾವುದು, ಎಷ್ಟು ಸಲ ಬಂದಿದೆ, ಎಷ್ಟನೇ ಗಂಟೆಯಲ್ಲಿ. ಅಳಿಸಿದ ಮೇಲೆ ಈ ಜಾಡು ಮತ್ತೆ ಸಿಗುವುದಿಲ್ಲ. ನಂತರ ಬ್ಯಾಟರಿ. 24 ವೋಲ್ಟಿನ ಯಂತ್ರದಲ್ಲಿ ನಿಂತಾಗ 25, ಓಡುವಾಗ 28 ವೋಲ್ಟಿನ ಆಸುಪಾಸು ಇರಬೇಕು. ಅರ್ಥ್ ಸಡಿಲವಾದ ಯಂತ್ರ ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಕೋಡ್‌ಗಳನ್ನು ಒಟ್ಟಿಗೆ ತೋರಿಸಿ ದಿಕ್ಕು ತಪ್ಪಿಸುತ್ತದೆ.

ರಾತ್ರಿಯಿಡೀ ನಿಂತ ಯಂತ್ರ ಬೆಳಿಗ್ಗೆ ಒಂದು ಸುಲಭ ಪರೀಕ್ಷೆಗೆ ಅವಕಾಶ ಕೊಡುತ್ತದೆ. ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದರೆ ಕೂಲಂಟ್, ಒಳಗೆಳೆಯುವ ಗಾಳಿ, ಡೀಸೆಲ್ ಮೂರರ ಬಿಸಿಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಮಾತ್ರ ಬೇರೆಯಾಗಿದ್ದರೆ ಸಂಶಯ ಅದರ ಮೇಲೆ. ಬೂಸ್ಟ್ ಸೆನ್ಸರ್ ಒಟ್ಟು ಒತ್ತಡ ಅಳೆಯುವ ಬಗೆಯದಾದರೆ ಆಗ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಅದು ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಬೆಂಗಳೂರಿನ ಎತ್ತರದಲ್ಲಿ ಸುಮಾರು 91. ಈ ವ್ಯತ್ಯಾಸ ಗೊತ್ತಿಲ್ಲದೆ ಸರಿಯಿದ್ದ ಸೆನ್ಸರ್ ಬಿಚ್ಚಿದವರಿದ್ದಾರೆ.

ಬಿಸಿ ಅಳೆಯುವ ಎರಡು ವೈರಿನ ಸೆನ್ಸರ್‌ಗೆ ಮೀಟರ್ ಕೂಡ ಬೇಕಿಲ್ಲ. 110-3 ಇದ್ದರೆ ಕನೆಕ್ಟರ್ ಕಳಚಿ, ಹಾರ್ನೆಸ್ ಕಡೆಯ ಎರಡು ಪಿನ್‌ಗಳನ್ನು ತುಂಡು ವೈರಿನಿಂದ ಜೋಡಿಸಬೇಕು. ಕೋಡ್ 110-4 ಆಗಿ ಬದಲಾದರೆ ವೈರಿಂಗ್ ಮತ್ತು ಇಸಿಎಂ ಸರಿಯಿವೆ, ಸೆನ್ಸರ್ ಬದಲಿಸಬಹುದು. ಬದಲಾಗದಿದ್ದರೆ ವೈರ್ ಎಲ್ಲೋ ಕಡಿದಿದೆ ಅಥವಾ ತೊಂದರೆ ಇಸಿಎಂನಲ್ಲಿದೆ. ಮೊದಲೇ 110-4 ಇದ್ದರೆ ಕನೆಕ್ಟರ್ ಕಳಚಿದರೆ ಸಾಕು. ಕೋಡ್ 3ಕ್ಕೆ ತಿರುಗಿದರೆ ತಪ್ಪು ಸೆನ್ಸರ್‌ನದು, 4ರಲ್ಲೇ ಉಳಿದರೆ ವೈರ್ ಅರ್ಥ್ ಆಗಿದೆ ಅಥವಾ ತೊಂದರೆ ಇಸಿಎಂನದು. ಪ್ರೆಶರ್ ಅಳೆಯುವ ಮೂರು ವೈರಿನ ಸೆನ್ಸರ್‌ನಲ್ಲಿ ಹೀಗೆ ಜೋಡಿಸಕೂಡದು. ಅದಕ್ಕೆ ಇಸಿಎಂನಿಂದ 5 ವೋಲ್ಟ್ ಬರುತ್ತದೆ, ಒಂದು ಅರ್ಥ್, ಮೂರನೆಯದು ಸಿಗ್ನಲ್. ಸಿಗ್ನಲ್ ಸಾಮಾನ್ಯವಾಗಿ 0.5ರಿಂದ 4.5 ವೋಲ್ಟಿನೊಳಗೆ ಓಡಾಡುತ್ತದೆ. ಎಂಜಿನ್ ನಿಂತಿದ್ದಾಗ ಆಯಿಲ್ ಪ್ರೆಶರ್ ಸೆನ್ಸರ್ 0.5ರ ಹತ್ತಿರ ಇರುತ್ತದೆ. ಆ 5 ವೋಲ್ಟನ್ನು ಹಲವು ಸೆನ್ಸರ್‌ಗಳು ಹಂಚಿಕೊಳ್ಳುತ್ತವೆ. ಅತಿ ಹೆಚ್ಚು ಸೆನ್ಸರ್‌ಗಳು ಅನ್ಯಾಯವಾಗಿ ಕಸದ ಬುಟ್ಟಿ ಸೇರುವುದು ಇಲ್ಲೇ.

ಸಂಡೂರಿನ ಅದಿರು ಗಣಿಯೊಂದರಲ್ಲಿ ಈ ಲೇಖಕನ ಕೈಯಲ್ಲೇ ಅಂಥದ್ದೊಂದು ತಪ್ಪು ನಡೆಯಿತು. ಎಕ್ಸ್‌ಕವೇಟರ್ ಟಿಪ್ಪರ್ ತುಂಬುವಾಗ ಪವರ್ ಕಳೆದುಕೊಳ್ಳುತ್ತಿತ್ತು, ಕೆಳಗಿಳಿದು ನೋಡುವಷ್ಟರಲ್ಲಿ ಸರಿಹೋಗುತ್ತಿತ್ತು. ಪರದೆಯಲ್ಲಿ ಮೇಲಿದ್ದದ್ದು 100-4. ಆಯಿಲ್ ಪ್ರೆಶರ್ ಸೆನ್ಸರ್ ಬದಲಾಯಿತು, ಎರಡು ದಿನ ಯಂತ್ರ ಚೆನ್ನಾಗಿ ಓಡಿತು, ಮೂರನೆಯ ದಿನ ಮತ್ತೆ ಅದೇ ಕಥೆ. ಪಟ್ಟಿಯನ್ನು ಕೊನೆಯವರೆಗೆ ಓದಿದಾಗ 102-4 ಕಂಡಿತು, ಅದರ ಕೆಳಗೆ 3509-4. 3509 ಎಂದರೆ ಸೆನ್ಸರ್‌ಗಳಿಗೆ ಹೋಗುವ ಸಪ್ಲೈ ವೋಲ್ಟೇಜ್. ಮೊದಲ ದಿನವೇ ಅದು ಅಲ್ಲಿತ್ತು, ಯಾರೂ ಕೆಳಗೆ ಒತ್ತಿ ನೋಡಿರಲಿಲ್ಲ.

ಮೀಟರನ್ನು 5 ವೋಲ್ಟಿನ ಲೈನಿಗೆ ಹಿಡಿದು ಒಬ್ಬರು ನಿಂತರು, ಇನ್ನೊಬ್ಬರು ಹಾರ್ನೆಸನ್ನು ಗೇಣುದ್ದಕ್ಕೊಮ್ಮೆ ಅಲುಗಾಡಿಸುತ್ತ ಬಂದರು. ಟರ್ಬೊ ಹಿಂದಿನ ಬ್ರ್ಯಾಕೆಟ್ ಹತ್ತಿರ ಬಂದಾಗ 5.0 ಇದ್ದದ್ದು 0.3ಕ್ಕೆ ಬಿತ್ತು, ಕೈ ಬಿಟ್ಟರೆ ಮತ್ತೆ ಏರಿತು. ವೈರನ್ನು ಹಿಡಿದಿಡುವ ಕ್ಲಿಪ್ಪಿನ ರಬ್ಬರ್ ಉದುರಿಹೋಗಿತ್ತು. ಟೇಪಿನ ಮೇಲೆ ಕೂತ ಕೆಂಪು ಅದಿರಿನ ಧೂಳು ಉಪ್ಪುಕಾಗದದಂತೆ ಕೆಲಸ ಮಾಡಿತ್ತು. ಧೂಳು ಒರೆಸಿದಾಗ ಬೂಸ್ಟ್ ಸೆನ್ಸರ್‌ಗೆ ಹೋಗುವ ವೈರಿನಲ್ಲಿ ಎಳ್ಳುಕಾಳಿನಷ್ಟು ತಾಮ್ರ ಹೊಳೆಯಿತು. ಬೂಮ್ ಪೂರಾ ಚಾಚಿ ಎಂಜಿನ್ ಅದುರಿದಾಗ ಆ ಚುಕ್ಕೆ ಬ್ರ್ಯಾಕೆಟ್ಟಿಗೆ ತಾಗುತ್ತಿತ್ತು, ಆಯಿಲ್ ಸೆನ್ಸರ್‌ನ 5 ವೋಲ್ಟೂ ಅದರ ಜೊತೆ ಹೋಗುತ್ತಿತ್ತು. ಸವೆದ ತುಂಡು ಕತ್ತರಿಸಿ ಕ್ರಿಂಪ್ ಮಾಡಿ, ಒಳಗೆ ಅಂಟಿರುವ ಹೀಟ್‌ಶ್ರಿಂಕ್ ಹಾಕಲಾಯಿತು. ಆದರೆ ನಿಜವಾದ ರಿಪೇರಿ ಹೊಸ ಕ್ಲಿಪ್. ಅದಿಲ್ಲದಿದ್ದರೆ ಅದೇ ಜಾಗ ಮತ್ತೆ ಸವೆಯುತ್ತಿತ್ತು.

ಪರೀಕ್ಷೆ ಮಾಡುವಾಗಲೇ ಹೊಸ ತೊಂದರೆ ಹುಟ್ಟಿಸುವುದೂ ಉಂಟು. ವೈರಿನ ಹೊದಿಕೆಗೆ ಸೂಜಿ ಚುಚ್ಚಿ ವೋಲ್ಟೇಜ್ ನೋಡಿದರೆ ಆ ತೂತಿನಿಂದ ನೀರಿಳಿದು ಮುಂದಿನ ಮಳೆಗಾಲಕ್ಕೆ ತಾಮ್ರ ಹಸಿರುಗಟ್ಟುತ್ತದೆ. ಕನೆಕ್ಟರ್‌ನ ತೂತಿಗೆ ಮೀಟರ್‌ನ ದಪ್ಪ ಮೊನೆ ತುರುಕಿದರೆ ಒಳಗಿನ ಟರ್ಮಿನಲ್ ಅಗಲವಾಗಿ, ಪಿನ್ ಸಡಿಲಾಗಿ, ಬಂದು ಹೋಗುವ ಕೋಡ್ ಶುರುವಾಗುತ್ತದೆ. ಹಿಂಬದಿಯಿಂದ ತೆಳು ಪ್ರೋಬ್ ಇಳಿಸುವುದು ಸರಿ. ಪ್ರೆಶರ್ ವಾಷಿಂಗ್ ಮಾಡಿದ ಮರುದಿನ ಬಂದ ಕೋಡ್‌ಗೆ ಮೊದಲು ಕನೆಕ್ಟರ್ ಸೀಲ್ ನೋಡಬೇಕು. ಬಕೆಟ್‌ಗೆ ವೆಲ್ಡಿಂಗ್ ಮಾಡುವಾಗ ಬ್ಯಾಟರಿ, ಇಸಿಎಂ ಕನೆಕ್ಟರ್ ಎರಡನ್ನೂ ಕಳಚಿ, ವೆಲ್ಡಿಂಗ್ ಅರ್ಥನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಬೇಕು.

ಎಲ್ಲ ಕಂಟ್ರೋಲರ್‌ಗಳೂ ಒಮ್ಮೆಗೇ ಮಾತು ನಿಲ್ಲಿಸಿದರೆ ಅದು ಸೆನ್ಸರ್‌ನ ವಿಷಯವಲ್ಲ. ಬ್ಯಾಟರಿ ಆಫ್ ಮಾಡಿ, ಒಂಬತ್ತು ಪಿನ್ನಿನ ಡಯಾಗ್ನೋಸ್ಟಿಕ್ ಕನೆಕ್ಟರ್‌ನ ಸಿ ಮತ್ತು ಡಿ ಪಿನ್‌ಗಳ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಕಂಟ್ರೋಲರ್‌ಗಳನ್ನು ಜೋಡಿಸುವ ಲೈನಿನ ಎರಡು ತುದಿಯ ರೆಸಿಸ್ಟರ್‌ಗಳಲ್ಲಿ ಒಂದು ಹೋಗಿದೆ ಅಥವಾ ನಡುವೆ ಲೈನ್ ಕಡಿದಿದೆ.

ರಿಪೇರಿ ಮುಗಿದ ಮೇಲೆ ಕೋಡ್ ಅಳಿಸಿ, ಯಂತ್ರವನ್ನು ಮೊದಲು ತೊಂದರೆ ಕೊಟ್ಟ ಸ್ಥಿತಿಯಲ್ಲೇ ಓಡಿಸಬೇಕು: ಅದೇ ಬಿಸಿ, ಅದೇ ಭಾರ, ಬೂಮ್ ಅಷ್ಟೇ ಚಾಚಿರಬೇಕು. ನೆರಳಿನಲ್ಲಿ ಐಡಲ್ ಬಿಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಆ ಎಕ್ಸ್‌ಕವೇಟರ್ ನಾಲ್ಕು ಟಿಪ್ಪರ್ ತುಂಬಿದ ಮೇಲೆ ಲಾಗ್‌ಬುಕ್‌ನಲ್ಲಿ ಕೋಡ್, ಗಂಟೆ, ವೈರ್ ಸವೆದ ಜಾಗ ಮೂರನ್ನೂ ಬರೆಯಲಾಯಿತು. ಬಿಚ್ಚಿದ ಹಳೆಯ ಆಯಿಲ್ ಸೆನ್ಸರ್‌ಗೆ ‘ಸರಿಯಿದೆ’ ಎಂದು ಚೀಟಿ ಕಟ್ಟಿ ಸ್ಟೋರಿಗೆ ವಾಪಸ್ ಕಳಿಸಲಾಯಿತು.