ರಾಗಿ, ಸಾಸಿವೆ ಮತ್ತು ಸಂತರ್ಪಣೆಯ ಕಸ

ಒಂದು ಹಿಡಿ ರಾಗಿಯನ್ನೂ ಒಂದು ಹಿಡಿ ಸಾಸಿವೆಯನ್ನೂ ಒಂದೇ ಡಬ್ಬಿಗೆ ಸುರಿದು, ಮುಚ್ಚಳ ಮುಚ್ಚಿ, ನಾಲ್ಕು ಸಲ ಅಲುಗಿಸಿರಿ. ಅರೆನಿಮಿಷದೊಳಗೆ ಎರಡೂ ಬೆರೆತುಹೋಗುತ್ತವೆ. ಇನ್ನು ಅವುಗಳನ್ನು ಮೊದಲಿನಂತೆ ಬೇರ್ಪಡಿಸಲು ಕುಳಿತುಕೊಳ್ಳಿರಿ. ಬೆಳಗೆಲ್ಲ ಕಳೆದರೂ ಕೆಲಸ ಮುಗಿಯಲಿಕ್ಕಿಲ್ಲ. ಬೆರೆಸುವುದು ಇಷ್ಟು ಸುಲಭವಾಗಿಯೂ ಬೇರ್ಪಡಿಸುವುದು ಇಷ್ಟು ಕಷ್ಟವಾಗಿಯೂ ಇರುವುದೇಕೆ? ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಬಡಾವಣೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಗಣೇಶೋತ್ಸವ, ಆಯುಧಪೂಜೆ, ರಾಜ್ಯೋತ್ಸವಗಳ ಊಟವಾದ ಮೇಲೆ ಉಳಿಯುವ ಕಸಕ್ಕೂ ಈ ಪ್ರಶ್ನೆಗೂ ಹತ್ತಿರದ ಸಂಬಂಧವುಂಟು. ಅದನ್ನು ಇಲ್ಲಿ ವಿಚಾರ ಮಾಡೋಣ.

ಎಣಿಕೆಯ ಮಾತು

ಲೆಕ್ಕವನ್ನು ಚಿಕ್ಕದು ಮಾಡಿಕೊಳ್ಳೋಣ. 10 ರಾಗಿಕಾಳು, 10 ಸಾಸಿವೆಕಾಳು. ಅವನ್ನಿಡಲು ಒಂದೇ ಸಾಲಿನಲ್ಲಿ 20 ಮನೆಗಳು. ಜೋಡಿಸಬಹುದಾದ ಬಗೆಗಳು ಒಟ್ಟು 1,84,756. ಇವುಗಳಲ್ಲಿ ರಾಗಿಯೆಲ್ಲ ಒಂದು ಪಕ್ಕಕ್ಕೂ ಸಾಸಿವೆಯೆಲ್ಲ ಇನ್ನೊಂದು ಪಕ್ಕಕ್ಕೂ ಬರುವ ಜೋಡಣೆಗಳು ಎರಡೇ ಎರಡು. ಉಳಿದುವೆಲ್ಲ ಒಂದಲ್ಲ ಒಂದು ತೆರದ ಬೆರಕೆಗಳು. ಆದುದರಿಂದ ಕುರುಡಾಗಿ ಅಲುಗಿಸಿದಾಗ ಬೆರಕೆಯೇ ದೊರೆಯುವುದು ಆಶ್ಚರ್ಯವಲ್ಲ. ಹೀಗೆ ಸಾಧ್ಯವಾದ ಜೋಡಣೆಗಳ ಸಂಖ್ಯೆಗೂ ಎಂಟ್ರೊಪಿ ಎಂಬ ಪರಿಮಾಣಕ್ಕೂ ಇರುವ ಸಂಬಂಧವನ್ನು ಲುಡ್ವಿಗ್ ಬೋಲ್ಟ್ಸ್‌ಮನ್ 1877ರಲ್ಲಿ ತೋರಿಸಿಕೊಟ್ಟನು. ಬೆರೆತದ್ದು ತಾನಾಗಿ ಬೇರೆಯಾಗದು. ಬೇರೆ ಮಾಡಬೇಕಾದರೆ ಹೊರಗಿನಿಂದ ಯಾರಾದರೂ ದುಡಿಯಬೇಕು. ಎಷ್ಟು ಹೆಚ್ಚು ಬೆರೆತಿದೆಯೋ ದುಡಿಮೆಯೂ ಅಷ್ಟು ಹೆಚ್ಚು.

ಅಂದಿನ ಎಲೆ, ಇಂದಿನ ಎಲೆ

ಬಾಳೆಯ ಎಲೆಯಲ್ಲಿಯೋ ಮುತ್ತುಗದ ಎಲೆಯಲ್ಲಿಯೋ ಉಣ್ಣುತ್ತಿದ್ದ ಕಾಲದಲ್ಲಿ ಈ ತೊಡಕು ಇರಲಿಲ್ಲ. ಎಲೆಯೂ ಅದರಲ್ಲಿ ಉಳಿದ ಅನ್ನವೂ ಒಂದೇ ಜಾತಿಗೆ ಸೇರಿದುವು. ಎರಡೂ ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾಗುತ್ತಿದ್ದುವು. ಪ್ಲಾಸ್ಟಿಕ್ಕಿನ ಗುಣ ಬೇರೆ. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಆಕಸ್ಮಿಕವಾಗಿ ದೊರೆತ ಪಾಲಿಎಥಿಲೀನನ್ನೇ ನೋಡಿರಿ. ಅದರ ಒಂದೊಂದು ಅಣುವಿನಲ್ಲಿಯೂ ಸಾವಿರಾರು ಇಂಗಾಲದ ಪರಮಾಣುಗಳು ಸರಪಣಿಯಂತೆ ಕೋದುಕೊಂಡಿರುತ್ತವೆ. ಅನ್ನದ ಪಿಷ್ಟವೂ ಸರಪಣಿಯೇ. ಆದರೆ ಅದರ ಕೊಂಡಿಗಳನ್ನು ಕಳಚಬಲ್ಲ ಕಿಣ್ವಗಳು ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಹೇರಳವಾಗಿವೆ. ಪಾಲಿಎಥಿಲೀನಿನ ಕೊಂಡಿಗಳು ಅಷ್ಟು ಸುಲಭವಾಗಿ ಸಡಿಲುವುದಿಲ್ಲ. ಅದು ಹರಿದು ಚೂರಾಗುತ್ತದೆ, ಚೂರು ಹುಡಿಯಾಗುತ್ತದೆ; ಆದರೆ ಕೊಳೆಯುವುದಿಲ್ಲ.

ಅನ್ನವೂ ಪ್ಲಾಸ್ಟಿಕ್ಕೂ ಬೇರೆಬೇರೆಯಾಗಿದ್ದಾಗ ಎರಡಕ್ಕೂ ಬೆಲೆಯುಂಟು. ಅನ್ನ ಗೊಬ್ಬರಕ್ಕೆ ಸಲ್ಲುತ್ತದೆ. ಶುಚಿಯಾದ ಬಾಟಲಿಯನ್ನು ಗುಜರಿಯವರು ಕೊಳ್ಳುತ್ತಾರೆ. ಎರಡೂ ಬೆರೆತೊಡನೆ ಎರಡರ ಬೆಲೆಯೂ ಇಳಿದುಹೋಗುತ್ತದೆ. ಒಂದು ಪ್ರಯೋಗದಿಂದ ಇದನ್ನು ತಿಳಿಯಬಹುದು. ನೀರಿನ ಬಾಟಲಿಯಿಂದ ಒಂದು ಚೂರನ್ನೂ ಅದರ ಮುಚ್ಚಳದಿಂದ ಒಂದು ಚೂರನ್ನೂ ಕತ್ತರಿಸಿ ನೀರಿನಲ್ಲಿ ಮುಳುಗಿಸಿ ಬಿಡಿರಿ. ಬಾಟಲಿಯ ಚೂರು ತಳ ಸೇರುತ್ತದೆ. ಅದರ ಸಾಂದ್ರತೆ ನೀರಿನ 1.38ರಷ್ಟು. ಮುಚ್ಚಳದ ಚೂರು ತೇಲುತ್ತದೆ. ಅದರದು ಸುಮಾರು 0.95. ಇವು ಎರಡು ಬೇರೆ ಪ್ಲಾಸ್ಟಿಕ್ಕುಗಳು. ಮರುಬಳಕೆಯ ಕಾರ್ಖಾನೆಗಳು ಇವನ್ನು ಈ ಉಪಾಯದಿಂದಲೇ ಬೇರ್ಪಡಿಸುತ್ತವೆ. ಆದರೆ ಅದೇ ಬಾಟಲಿಗಳು ಸಾರು, ಎಣ್ಣೆ, ಮೊಸರುಗಳಲ್ಲಿ ಅದ್ದಿಹೋಗಿದ್ದರೆ ಮೊದಲು ತೊಳೆಯಬೇಕು. ತೊಳೆಯುವ ವೆಚ್ಚ ಬಾಟಲಿಯ ಬೆಲೆಯನ್ನು ಮೀರಿದರೆ ಅವುಗಳನ್ನು ಯಾರೂ ಮುಟ್ಟುವುದಿಲ್ಲ.

ಬೆರಕೆಯ ಭಾರ ಹೊತ್ತವರು

ಯಾರೂ ಮುಟ್ಟದ ಬೆರಕೆ ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ಮಟ್ಟಿಗೆ ಈ ಪ್ರಶ್ನೆಗೆ ಊರುಗಳ ಹೆಸರೇ ಉತ್ತರ. ಯಲಹಂಕದ ಆಚೆಯ ಮಾವಳ್ಳಿಪುರಕ್ಕೂ, ವೈಟ್‌ಫೀಲ್ಡಿನಿಂದ ಉತ್ತರಕ್ಕಿರುವ ಮಂಡೂರಿಗೂ ನಗರದ ಕಸದ ಲಾರಿಗಳು ವರ್ಷಗಟ್ಟಲೆ ಹೋದುವು. ಪ್ಲಾಸ್ಟಿಕ್ಕಿನ ನಡುವೆ ಗಾಳಿಯಿಲ್ಲದೆ ಕೊಳೆಯುವ ಅನ್ನದಿಂದ ಮೀಥೇನ್ ಅನಿಲ ಹುಟ್ಟುತ್ತದೆ. ರಾಶಿಯಿಂದ ಬಸಿಯುವ ಕಪ್ಪುನೀರು ನೆಲಕ್ಕೆ ಇಳಿಯುತ್ತದೆ. ಊಟ ಮಾಡಿದವರು ಒಬ್ಬರು, ಆ ನಾತವನ್ನೂ ನೊಣಗಳನ್ನೂ ಸಹಿಸಿದವರು ಇನ್ನೊಬ್ಬರು. ಹಳ್ಳಿಯವರು ರಸ್ತೆಗಿಳಿದು ಪ್ರತಿಭಟಿಸಿದ ಮೇಲೆ 2012ರಲ್ಲಿ ಮಾವಳ್ಳಿಪುರಕ್ಕೂ 2014ರ ಕೊನೆಗೆ ಮಂಡೂರಿಗೂ ಲಾರಿಗಳು ಹೋಗುವುದು ನಿಂತಿತು.

ಕಾನೂನು ಸುಮ್ಮನಿರಲಿಲ್ಲ. 2016ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಅದೇ ವರ್ಷ ಹೊರಟ ಕೇಂದ್ರದ ನಿಯಮಗಳು, 100 ಮಂದಿಗಿಂತ ಹೆಚ್ಚು ಜನ ಸೇರುವ ಸಮಾರಂಭದಲ್ಲಿ ಕಸವನ್ನು ಅಲ್ಲಿಯೇ ವಿಂಗಡಿಸುವ ಹೊಣೆಯನ್ನು ನಡೆಸುವವರ ಮೇಲೆ ಇರಿಸಿದುವು. ಒಮ್ಮೆ ಬಳಸಿ ಎಸೆಯುವ ತಟ್ಟೆ, ಲೋಟ, ಚಮಚಗಳಂಥ ಪ್ಲಾಸ್ಟಿಕ್ ವಸ್ತುಗಳು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧವಾದುವು. ಆದರೆ ನೀರಿನ ಬಾಟಲಿ ಈ ಪಟ್ಟಿಯಲ್ಲಿ ಸೇರಲಿಲ್ಲ. ಕಾಗದದ್ದೆಂದು ನಾವು ನಂಬುವ ಲೋಟದ ಒಳಮೈಗೂ ಸಾಮಾನ್ಯವಾಗಿ ಪಾಲಿಎಥಿಲೀನಿನ ತೆಳುವಾದ ಪೊರೆಯಿರುತ್ತದೆ. ಅದಿಲ್ಲದಿದ್ದರೆ ಕಾಫಿ ಕಾಗದವನ್ನು ನೆನೆಸಿಬಿಡುತ್ತಿತ್ತಷ್ಟೆ!

ನಿಲ್ಲಬೇಕಾದ ಸ್ಥಳ

ಇಲ್ಲಿಯೇ ಸ್ವಯಂಸೇವಕನ ಕೆಲಸ ಮೊದಲಾಗುತ್ತದೆ. ನಾವು ಮೊದಲ ಸಲ ವಿದ್ಯಾರ್ಥಿಗಳೊಡನೆ ಒಂದು ಬಡಾವಣೆಯ ರಾಜ್ಯೋತ್ಸವಕ್ಕೆ ಹೋದಾಗ, ಹಸಿಕಸ, ಒಣಕಸ, ಬಾಟಲಿ ಎಂದು ಬರೆದ ಮೂರು ಡಬ್ಬಿಗಳನ್ನು ಊಟದ ಚಪ್ಪರದ ಪಕ್ಕದಲ್ಲಿಟ್ಟು, ಭಾಷಣ ಕೇಳಲು ಹೋದೆವು. ಹಿಂತಿರುಗಿದಾಗ ಮೂರರಲ್ಲಿಯೂ ಒಂದೇ ಬೆರಕೆ! ಅಂದು ಸಂಜೆ ಎಂಟು ಮಂದಿ ಕೈಗವಸು ತೊಟ್ಟು ಕತ್ತಲಾಗುವವರೆಗೆ ಹೆಕ್ಕಿದರೂ ಅರ್ಧವೂ ಮುಗಿಯಲಿಲ್ಲ. ಮುಂದಿನ ವರ್ಷ ಒಂದೊಂದು ಡಬ್ಬಿಯ ಬಳಿ ಒಬ್ಬೊಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಿದೆವು. “ಅಮ್ಮಾ, ಅನ್ನ ಇಲ್ಲಿ, ಬಾಟಲಿ ಅಲ್ಲಿ” ಎನ್ನುವುದಷ್ಟೇ ಅವರ ಕೆಲಸ. ಬೆರೆಯುವ ಮೊದಲೇ ತಡೆದುದರಿಂದ ಹೆಕ್ಕುವ ಶ್ರಮವೇ ಬೀಳಲಿಲ್ಲ. ಅದೇ ಕಸ, ಅದೇ ಡಬ್ಬಿಗಳು. ವ್ಯತ್ಯಾಸ ನಾವು ನಿಂತ ಸ್ಥಳದಲ್ಲಿ ಮಾತ್ರ.

ಇದಕ್ಕಿಂತಲೂ ಉತ್ತಮವಾದುದು, ಬೆರೆಯತಕ್ಕ ವಸ್ತುವನ್ನು ಪಂಕ್ತಿಗೆ ತರದೆ ಇರುವುದು. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯು ಸಮಾರಂಭಗಳಿಗೆ ಸ್ಟೀಲಿನ ಪಾತ್ರೆಗಳನ್ನು ಎರವಲು ಕೊಡುವ ‘ತಟ್ಟೆ ಬ್ಯಾಂಕ್’ ನಡೆಸಿ ದಾರಿ ತೋರಿಸಿತು. 2013ರಲ್ಲಿ ಆರಂಭವಾದ ವೈಟ್‌ಫೀಲ್ಡ್ ರೈಸಿಂಗ್ ಎಂಬ ನಾಗರಿಕರ ಬಳಗವು ಕಸದ ವಿಂಗಡಣೆಯನ್ನು ಬಡಾವಣೆಗಳಲ್ಲಿ ಬಳಕೆಗೆ ತರಲು ದುಡಿಯಿತು. ತೊಳೆಯುವುದಕ್ಕೆ ನೀರೂ ಶಾಖವೂ ಬೇಡವೆ ಎಂದು ಕೆಲವರು ಕೇಳುವುದುಂಟು. 2024ರ ಬೇಸಗೆಯ ನೀರಿನ ಬರವನ್ನು ಕಂಡವರು ಹೀಗೆ ಕೇಳುವುದು ನ್ಯಾಯವೇ. ಲೆಕ್ಕ ಹಾಕೋಣ.

ಒಂದು ಸ್ಟೀಲ್ ಲೋಟವನ್ನು ತೊಳೆಯಲು ಕಾಲು ಲೀಟರು ನೀರನ್ನು 25 ಡಿಗ್ರಿಯಿಂದ 55 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದೆವೆನ್ನೋಣ. ಬೇಕಾದ ಶಾಖ 0.25 × 4.2 × 30, ಅಂದರೆ ಸುಮಾರು 32 ಕಿಲೋಜೂಲ್. ಪಂಕ್ತಿಯಲ್ಲಿಡುವ ಚಿಕ್ಕ ನೀರಿನ ಬಾಟಲಿಯ ತೂಕ 10 ಗ್ರಾಂ ಎಂದಿಟ್ಟುಕೊಂಡರೆ, ಅದರಲ್ಲಿ ಅಡಗಿರುವ ಉರುವಲಿನ ಶಾಖವೇ ಸುಮಾರು 230 ಕಿಲೋಜೂಲ್. ತಯಾರಿಕೆಯ ವೆಚ್ಚವನ್ನು ಬಿಟ್ಟರೂ, ಎಸೆಯುವ ಬಾಟಲಿ ತೊಳೆಯುವ ಲೋಟದ ಏಳರಷ್ಟು ದುಬಾರಿ. ನೀರನ್ನು ಉಳಿಸಲು ಮೂರು ಬೋಗುಣಿಗಳನ್ನು ಸಾಲಾಗಿಟ್ಟು ಒಂದರ ಬಳಿಕ ಒಂದರಲ್ಲಿ ಅದ್ದಬೇಕು. ಒಂದೊಂದರಲ್ಲಿಯೂ ಕೊಳೆಯ ಹತ್ತರಲ್ಲೊಂದು ಭಾಗ ಉಳಿದರೆ ಮೂರನೆಯದರಲ್ಲಿ ಸಾವಿರದಲ್ಲೊಂದು ಭಾಗವಾಗುತ್ತದೆ.

ಇನ್ನೊಂದು ಮಾತು. ಸ್ಟೀಲ್ ಲೋಟ 100 ಗ್ರಾಂ ಇದ್ದರೆ ಅದು 10 ಬಾಟಲಿಗಳ ತೂಕ. ವರ್ಷಕ್ಕೆ ಎರಡು ಹಬ್ಬ ಮಾಡುವ ಸಂಘ ಅದನ್ನು ಕೊಂಡರೆ ತೂಕ ಸರಿಹೋಗಲು 5 ವರ್ಷ ಬೇಕು. ವಾರಕ್ಕೊಂದು ಸಮಾರಂಭಕ್ಕೆ ಎರವಲು ಹೋಗುವ ಬ್ಯಾಂಕಿನ ಲೋಟಕ್ಕೆ 10 ವಾರ ಸಾಕು. ಲೋಹದ ಗುಣಕ್ಕಿಂತಲೂ ಹಂಚಿಕೊಳ್ಳುವ ಗುಣವೇ ಇಲ್ಲಿ ಮುಖ್ಯ.

ವಿದ್ಯಾರ್ಥಿಮಿತ್ರರು ತಮ್ಮ ಬೀದಿಯ ಮುಂದಿನ ಉತ್ಸವದಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು. ಒಂದು ತಕ್ಕಡಿ, ಒಂದು ನೋಟುಪುಸ್ತಕ, ಡಬ್ಬಿಗೊಬ್ಬರಂತೆ ಗೆಳೆಯರು ಇದ್ದರೆ ಸಾಕು. ಹಸಿಕಸ, ಒಣಕಸ, ಬೆರಕೆ, ಈ ಮೂರನ್ನೂ ಬೇರೆಬೇರೆಯಾಗಿ ತೂಗಿ ಬರೆದಿಡಿರಿ. ಬೆರಕೆಯ ಅಂಕಿ ವರ್ಷದಿಂದ ವರ್ಷಕ್ಕೆ ಇಳಿದರೆ, ಎಲ್ಲಿಯೋ ಒಂದು ಮಂಡೂರಿಗೆ ಹೋಗಬೇಕಾಗಿದ್ದ ಹೊರೆ ಅಷ್ಟರಮಟ್ಟಿಗೆ ಇಳಿಯಿತೆಂದೇ ಅರ್ಥ.