ಬದುವಿನ ಮೇಲೆ ಕಾಲು ಜಾರದಿರಲು ಸೊಂಟದ ವ್ಯಾಯಾಮ



ನೇಗಿಲು, ಕುಂಟೆ, ಪಂಪುಸೆಟ್ಟುಗಳ ಆರೈಕೆಯನ್ನು ನಾವು ಮರೆಯುವುದಿಲ್ಲ. ನಮ್ಮನ್ನು ಹೊತ್ತು ನಡೆಯುವ ಕಾಲುಗಳನ್ನು ಮರೆಯುತ್ತೇವೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ನಾಲಾ ಬಯಲಿನಲ್ಲಿ ಭತ್ತದ ನಾಟಿಯನ್ನೇ ನೋಡಿ. ಸಾಲಿನಿಂದ ಸಾಲಿಗೆ 20 ಸೆಂ.ಮೀ., ಗುತ್ತಿಯಿಂದ ಗುತ್ತಿಗೆ 10 ಸೆಂ.ಮೀ. ಅಂತರವಿಟ್ಟರೆ ಎಕರೆಗೆ ಸುಮಾರು 2 ಲಕ್ಷ ಗುತ್ತಿಗಳಾಗುತ್ತವೆ. ಕೈನಾಟಿಯಲ್ಲಿ ಅಷ್ಟನ್ನೂ ನಡುಬಗ್ಗಿಸಿ, ಕೆಸರಿನಲ್ಲಿ ಹಿಂದಕ್ಕೆ ಹೆಜ್ಜೆಯಿಡುತ್ತಾ ನೆಡಬೇಕು. ಸಂಜೆ ದಣಿದ ಕಾಲಿನಲ್ಲಿ ಹುಲ್ಲಿನ ಹೊರೆ ಹೊತ್ತು ಕಿರಿದಾದ ಬದುವಿನ ಮೇಲೆ ಬರುವಾಗ ಜಾರಿದರೆ ವಯಸ್ಸಾದವರಿಗೆ ಸೊಂಟದ ಮೂಳೆಯೇ ಮುರಿಯಬಹುದು. ನಾನು ಬೇಸಾಯ ಶಾಸ್ತ್ರದವನು, ವೈದ್ಯನಲ್ಲ. ಆದರೆ ಆಳು ಬಿದ್ದ ಮನೆಯಲ್ಲಿ ಬೆಳೆಯೂ ಬೀಳುವುದರಿಂದ ಈ ವಿಷಯ ತಿಳಿಸುತ್ತಿದ್ದೇನೆ.

ಪಾದಕ್ಕೂ ಸೊಂಟಕ್ಕೂ ಏನು ಸಂಬಂಧ?

ಹೆಡತಲೆಯಲ್ಲಿರುವ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯದ ಕಂಬಗಳನ್ನು ನೋಡಿದ್ದೀರಿ. ಕಂಬದ ತಲೆ ಓರೆಯಾದರೆ ಬುಡಕ್ಕೂ ಭಾರ ಓರೆಯಾಗಿ ಬೀಳುತ್ತದೆ. ಕಾಲೂ ಹಾಗೆಯೇ. ಸೊಂಟದ ಪಕ್ಕದ ಸ್ನಾಯುಗಳು ಸೋತರೆ ತೊಡೆ ಒಳಕ್ಕೆ ತಿರುಗುತ್ತದೆ, ಮಂಡಿ ಒಳಕ್ಕೆ ವಾಲುತ್ತದೆ, ಅಂಗಾಲಿನ ಕಮಾನು ಕುಸಿಯುತ್ತದೆ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಹೊತ್ತು ಒಂದೇ ಕಾಲಿನ ಮೇಲಿರುತ್ತೇವೆ. ಆಗ ಸೊಂಟವನ್ನು ಸಮವಾಗಿ ಹಿಡಿಯುವುದು ಈ ಸ್ನಾಯುಗಳೇ.

ಪರೀಕ್ಷಿಸುವ ಬಗೆ

ಒದ್ದೆ ಪಾದವನ್ನು ಒಣಗಿದ ಕಲ್ಲುಚಪ್ಪಡಿಯ ಮೇಲಿಡಿ. ಒಳಬದಿ ಬಿಡುವಿಲ್ಲದೆ ಇಡೀ ಅಂಗಾಲು ಮೂಡಿದರೆ ಕಮಾನು ತಗ್ಗಿದೆ ಎಂದರ್ಥ. ಬಳಿಕ ಗೋಡೆ ಹಿಡಿದು ತುದಿಗಾಲಿನಲ್ಲಿ ನಿಲ್ಲಿ. ಕಮಾನು ಎದ್ದರೆ ಪಾದ ಸಡಿಲವಾಗಿದೆ, ವ್ಯಾಯಾಮದಿಂದ ಅನುಕೂಲವಾಗಬಹುದು. ಏಳದಿದ್ದರೆ ವೈದ್ಯರಿಗೆ ತೋರಿಸಿ.

ಮಾಡುವ ಕ್ರಮ

1. ಒಂದು ಮಗ್ಗುಲಿಗೆ ಮಲಗಿ, ಮೇಲಿನ ಕಾಲನ್ನು ನೇರವಾಗಿಟ್ಟು ಒಂದಡಿಯಷ್ಟು ಎತ್ತಿ, ನಿಧಾನವಾಗಿ ಇಳಿಸಿ. ಹೆಬ್ಬೆರಳು ಆಕಾಶಕ್ಕೆ ತಿರುಗಬಾರದು.

2. ಅದೇ ಮಗ್ಗುಲಿನಲ್ಲಿ ಮಂಡಿಗಳನ್ನು ಮಡಿಸಿ. ಹಿಮ್ಮಡಿಗಳನ್ನು ಕೂಡಿಸಿಕೊಂಡೇ ಮೇಲಿನ ಮಂಡಿಯನ್ನು ತೆರೆದು ಮುಚ್ಚಿ. ಸೊಂಟ ಹಿಂದಕ್ಕೆ ಹೊರಳಬಾರದು.

3. ಅಂಗಾತ ಮಲಗಿ ಮಂಡಿ ಮಡಿಸಿ, ಪಾದಗಳನ್ನು ನೆಲಕ್ಕೆ ಊರಿ, ಸೊಂಟವನ್ನು ಮೇಲೆತ್ತಿ 5 ಎಣಿಸಿ ಇಳಿಸಿ.

4. ಮನೆಯ ಕಂಬ ಹಿಡಿದು ಒಂದೇ ಕಾಲಿನಲ್ಲಿ 10 ಎಣಿಸುವವರೆಗೆ ನಿಲ್ಲಿ. ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ ಮೂರೂ ನೆಲಕ್ಕೆ ತಾಗಿರಲಿ, ಬೆರಳುಗಳನ್ನು ಮಡಿಸಬೇಡಿ. ಅಭ್ಯಾಸವಾದ ಮೇಲೆ ಕೈಬಿಟ್ಟು ನಿಂತರೂ ಕಂಬ ಕೈಗೆಟುಕುವಂತಿರಲಿ.

ಮೊದಲ ಎರಡನ್ನು ಎರಡೂ ಮಗ್ಗುಲಲ್ಲಿ, ಮೂರನೆಯದನ್ನೂ 10 ಸಲ ಮಾಡಿ. ನಾಲ್ಕನೆಯದನ್ನು ಒಂದೊಂದು ಕಾಲಿಗೆ 3 ಸಲ. ವಾರಕ್ಕೆ 3 ದಿನ ಸಾಕು. ಸ್ನಾಯು ಬಲಗೊಳ್ಳಲು 6ರಿಂದ 8 ವಾರ ಬೇಕಾದ್ದರಿಂದ ಸಸಿಮಡಿ ಹಾಕುವುದಕ್ಕೆ ಒಂದು ತಿಂಗಳು ಮೊದಲೇ ಆರಂಭಿಸುವುದು ಲೇಸು.

ಎಚ್ಚರಿಕೆ

ವ್ಯಾಯಾಮದಿಂದ ಬಲವೂ ಸಮತೋಲವೂ ಹೆಚ್ಚುತ್ತವೆಯೇ ಹೊರತು ಹುಟ್ಟಿನಿಂದ ಬಂದ ಚಪ್ಪಟೆ ಪಾದ ಮಾಯವಾಗುವುದಿಲ್ಲ. ಕೀಲು ಊದಿದ್ದರೆ, ಒಂದೇ ಪಾದ ಇತ್ತೀಚೆಗೆ ಕುಸಿದಿದ್ದರೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ, ಗರ್ಭಿಣಿಯಾಗಿದ್ದರೆ, ಮೊದಲು ವೈದ್ಯರ ಸಲಹೆ ಪಡೆಯಿರಿ. ನೋವು ಬಂದಲ್ಲಿ ನಿಲ್ಲಿಸಿ.

ಕೈ ಕೆಸರಾದರೆ ಬಾಯಿ ಮೊಸರು ನಿಜ. ಆದರೆ ಕೈ ಕೆಸರಾಗಬೇಕಾದರೆ ಮೊದಲು ಕಾಲು ಗಟ್ಟಿಯಾಗಿ ನಿಲ್ಲಬೇಕು.